ದೀಪ ಹಿಡಿದವರಿಗೆ ಎಣ್ಣೆ ಯಾರು ಹಾಕ್ತಾರೆ?

ಮೇ 12 ಬಂತು ಅಂದ್ರೆ ನಮ್ಮ ಫೋನಿಗೆ ಒಂದೇ ಚಿತ್ರ ಹತ್ತಾರು ಸಲ ಬರುತ್ತೆ. ಬಿಳಿ ಟೋಪಿ, ಉದ್ದ ಲಂಗ, ಕೈಯಲ್ಲಿ ದೀಪ. ಕೆಳಗೆ ದಾದಿಯರ ದಿನದ ಶುಭಾಶಯ. ನಾವೂ ಅದನ್ನು ಫಾರ್ವರ್ಡ್ ಮಾಡಿದವರೇ. ಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಒಂದು ಪಾಠ ಇತ್ತು. ಪರೀಕ್ಷೆ ಮುಗಿದ ಮೇಲೆ ದೀಪ ಒಂದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಈ ಸಲ ಕನ್ನಡ ಸಂಘದವರು ಒಬ್ಬ ದೊಡ್ಡವರ ಜೀವನ ಬರೀರಿ ಅಂದಾಗ ವಿಶ್ವೇಶ್ವರಯ್ಯ, ಕಲಾಂ, ರಾಮಾನುಜನ್ ಎಲ್ಲರೂ ಆಗಲೇ ಬುಕ್ ಆಗಿದ್ದರು. ನಾವು ಫ್ಲಾರೆನ್ಸ್ ಅವರನ್ನು ಆರಿಸಿಕೊಂಡೆವು. ಹೆಸರು ಉಳಿದಿತ್ತು ಅಂತ ಅಲ್ಲ. ಅದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣ ಇದೆ.

ನಮ್ಮದು ತಿಪಟೂರು ಕಡೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ದಿಕ್ಕಿಗೆ ಹೋದರೂ ತೆಂಗೇ ತೆಂಗು. ನಮ್ಮ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು ಎಲ್ಲ ಕೊಬ್ಬರಿಯಿಂದ ಬಂದಿದ್ದು. ಅದೇ ಮರದಿಂದ ನಮ್ಮ ದೊಡ್ಡಪ್ಪ ಎಂಟು ವರ್ಷದ ಹಿಂದೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯ್ತು. ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಅವರನ್ನು ನೋಡ್ಕೊಳ್ಳೋಕೆ ಪಕ್ಕದ ಊರಿಂದ ಒಬ್ಬ ಅಕ್ಕ ಬರ್ತಾರೆ. ಬೆಳಿಗ್ಗೆ ಏಳಕ್ಕೆ ಬಂದರೆ ರಾತ್ರಿ ಎಂಟಕ್ಕೆ ಹೋಗ್ತಾರೆ. ಮೈ ಒರೆಸೋದು, ಮಗ್ಗುಲು ಬದಲಿಸೋದು, ಮೂತ್ರದ ಚೀಲ ನೋಡೋದು, ಊಟ ಮಾಡಿಸೋದು ಎಲ್ಲ ಅವರದೇ. ಅವರ ಕೆಲಸಕ್ಕೆ ಏನು ಹೆಸರು ಅಂತ ನಾವು ಯಾವತ್ತೂ ಯೋಚಿಸಿರಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಅಕ್ಕ ತಮ್ಮ ಮಗಳ ಬಾಣಂತನಕ್ಕೆ ಅಂತ ಹದಿನೈದು ದಿನ ರಜೆ ಕೇಳಿದರು. ಎರಡು ವರ್ಷದಲ್ಲಿ ಅದೇ ಮೊದಲ ರಜೆ. ಮನೆಯಲ್ಲಿ ಎಲ್ಲರೂ ಗೊಣಗಿದರು, ನಾವೂ ಗೊಣಗಿದೆವು. ಸ್ಟಡಿ ಹಾಲಿಡೇಸ್ ಇದ್ದದ್ದರಿಂದ ನಾಲ್ಕು ದಿನ ಆ ಕೆಲಸ ನಮ್ಮ ಪಾಲಿಗೆ ಬಂತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಒಂದೇ ಕಡೆ ಒತ್ತಿ ಹುಣ್ಣಾಗುತ್ತೆ. ಫೋನಲ್ಲಿ ಅಲಾರಂ ಇಟ್ಕೊಂಡ್ವಿ. ಮೂರನೇ ರಾತ್ರಿ ಅಲಾರಂ ಕೇಳಿಸಲೇ ಇಲ್ಲ. ಬೆಳಿಗ್ಗೆ ನೋಡಿದ್ರೆ ದೊಡ್ಡಪ್ಪನ ಸೊಂಟದ ಹತ್ರ ಚರ್ಮ ಕೆಂಪಾಗಿತ್ತು. ಅವರಿಗೆ ನೋವು ಗೊತ್ತಾಗಲ್ಲ, ಆದ್ದರಿಂದ ನಮ್ಮನ್ನು ಬೈಯಲೂ ಇಲ್ಲ. ಅವತ್ತು ನಮಗೆ ನಾಚಿಕೆ ಆಯ್ತು. ಆಮೇಲೆ ನಾವು ಫ್ಲಾರೆನ್ಸ್ ಬಗ್ಗೆ ಓದೋಕೆ ಕೂತ್ವಿ.

ಶ್ರೀಮಂತರ ಮನೆಯ ಹುಡುಗಿ

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅಪ್ಪ ಅಮ್ಮ ಇಂಗ್ಲೆಂಡಿನ ಸಿರಿವಂತರು. ಎರಡು ದೊಡ್ಡ ಮನೆ, ಬೇಕಾದಷ್ಟು ಆಳುಕಾಳು. ಅಪ್ಪ ತಾವೇ ಹೆಣ್ಣುಮಕ್ಕಳಿಬ್ಬರಿಗೂ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು ಬೇರೆ.

ಹದಿನಾರನೇ ವಯಸ್ಸಿನಲ್ಲಿ ದೇವರು ತನ್ನನ್ನು ಯಾವುದೋ ಕೆಲಸಕ್ಕೆ ಕರೀತಿದ್ದಾನೆ ಅಂತ ಅವರಿಗೆ ಅನ್ನಿಸಿತು. ಆ ಕೆಲಸ ರೋಗಿಗಳ ಆರೈಕೆ ಅಂತ ಗೊತ್ತಾಗೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. 1845ರಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ ಕೆಲಸ ಕಲೀತೀನಿ ಅಂದಾಗ ಮನೆಯಲ್ಲಿ ರಂಪ ಆಯ್ತು. ಆ ಕಾಲದಲ್ಲಿ ನರ್ಸ್ ಅಂದರೆ ಬೇರೆ ಗತಿ ಇಲ್ಲದವರು, ಕುಡುಕರು ಅನ್ನೋ ಹೆಸರಿತ್ತು. ಮರ್ಯಾದಸ್ಥರ ಮಗಳು ಆ ಕೆಲಸಕ್ಕೆ ಹೋಗೋದೇ? ಎಂಜಿನಿಯರಿಂಗ್ ಬಿಟ್ಟು ರೋಗಿಗಳ ಮೈ ತೊಳೆಯೋ ಕೆಲಸಕ್ಕೆ ಹೋಗ್ತೀವಿ ಅಂತ ನಾವು ಮನೆಯಲ್ಲಿ ಹೇಳಿದರೆ ಏನಾಗುತ್ತೋ ಅದೇ ಆಯ್ತು. ಇನ್ನೂರು ವರ್ಷದಲ್ಲಿ ಆ ಭಾಗ ಅಷ್ಟೇನೂ ಬದಲಾಗಿಲ್ಲ.

ಅವರು ಬಿಡಲಿಲ್ಲ. ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ತರಿಸಿ, ಬೆಳಗಿನ ಜಾವ ಎದ್ದು ಗುಟ್ಟಾಗಿ ಓದಿ ನೋಟ್ಸ್ ಮಾಡಿಕೊಂಡರು. ಒಳ್ಳೆಯ ಕಡೆಯಿಂದ ಬಂದ ಮದುವೆ ಪ್ರಸ್ತಾಪವನ್ನು ಬೇಡ ಅಂದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದರು. ಆಗ ಅವರಿಗೆ ಮೂವತ್ತೊಂದು ವರ್ಷ.

ಗಂಟೆ, ಬಿಸಿನೀರು, ಲಿಫ್ಟ್

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಕಾಯಿಲೆ ಬಿದ್ದ ಹೆಂಗಸರಿಗಾಗಿ ಇದ್ದ ಒಂದು ಚಿಕ್ಕ ಆಸ್ಪತ್ರೆಗೆ ಅವರು ಮೇಲ್ವಿಚಾರಕಿ ಆದರು. ಅವರು ಸಂಬಳ ತಗೊಳ್ಳಲಿಲ್ಲ. ಅಪ್ಪ ವರ್ಷಕ್ಕೆ 500 ಪೌಂಡ್ ಕೊಡ್ತಿದ್ದರು.

ಕೆಲಸಕ್ಕೆ ಸೇರುವ ಮುಂಚೆಯೇ ಅವರು ಕಮಿಟಿಯವರ ಮುಂದೆ ಇಟ್ಟ ಬೇಡಿಕೆಗಳನ್ನು ಓದಿದಾಗ ನಮಗೆ ನಿಜವಾಗ್ಲೂ ಖುಷಿ ಆಯ್ತು. ಪ್ರತಿ ಮಹಡಿಗೂ ಪೈಪಿನಲ್ಲಿ ಬಿಸಿನೀರು ಬರಬೇಕು. ಊಟ ಮೇಲಕ್ಕೆ ಎಳೆಯೋಕೆ ಒಂದು ಲಿಫ್ಟ್ ಬೇಕು. ರೋಗಿ ಗಂಟೆ ಎಳೆದರೆ ಅದು ನರ್ಸ್ ಇರುವ ಮಹಡಿಯಲ್ಲೇ ಕೇಳಿಸಬೇಕು, ಯಾರು ಕರೆದರು ಅಂತ ತೋರಿಸೋ ಗುರುತು ತೆರೆದುಕೊಂಡೇ ಇರಬೇಕು. ಅವರ ಲೆಕ್ಕ ಸರಳ. ಇದೆಲ್ಲ ಇಲ್ಲದಿದ್ದರೆ ನರ್ಸ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯೋ ಎರಡು ಕಾಲು ಮಾತ್ರ ಆಗ್ತಾಳೆ, ರೋಗಿಯ ಹತ್ತಿರ ಇರೋಕೆ ಅವಳಿಗೆ ಸಮಯ ಇರಲ್ಲ.

ನರ್ಸ್‌ಗೆ ಇನ್ನೂ ತಾಳ್ಮೆ ಇರಬೇಕು, ತ್ಯಾಗ ಇರಬೇಕು ಅಂತ ಅವರು ಭಾಷಣ ಮಾಡಲಿಲ್ಲ. ಪೈಪ್ ಹಾಕಿಸಿ ಅಂದರು. ನಮ್ಮ ಸ್ಕೂಲ್ ಪಾಠದಲ್ಲಿ ಈ ಪೈಪು, ಗಂಟೆ ಯಾವುದೂ ಇರಲಿಲ್ಲ.

ಸ್ಕುಟಾರಿ

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಟರ್ಕಿ ಸೇರಿ ರಷ್ಯಾ ಮೇಲೆ ಕ್ರಿಮಿಯಾದಲ್ಲಿ ಯುದ್ಧಕ್ಕಿಳಿದವು. ಗಾಯಾಳುಗಳನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಈಗಿನ ಇಸ್ತಾಂಬುಲ್ ಪಕ್ಕದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿನ ಬ್ಯಾರಕ್ ಆಸ್ಪತ್ರೆಯ ಕಥೆ ಪತ್ರಿಕೆಯಲ್ಲಿ ಬಂದಾಗ ಇಡೀ ಇಂಗ್ಲೆಂಡ್ ಗಾಬರಿಯಾಯ್ತು. ಯುದ್ಧ ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸ್ ಅವರ ಸ್ನೇಹಿತರು. ಅವರು ಕೇಳಿಕೊಂಡ ಮೇಲೆ ಫ್ಲಾರೆನ್ಸ್ 38 ನರ್ಸ್‌ಗಳ ಜೊತೆ ಹೊರಟು 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು.

ಅಲ್ಲಿನ ಡಾಕ್ಟರುಗಳಿಗೆ ಇವರು ಬಂದದ್ದು ಇಷ್ಟ ಇರಲಿಲ್ಲ. ಕೆಲವು ದಿನ ವಾರ್ಡಿನ ಕೆಲಸವೇ ಕೊಡಲಿಲ್ಲ. ಗಾಯಾಳುಗಳು ರಾಶಿ ರಾಶಿ ಬಂದಾಗ ಬೇರೆ ದಾರಿ ಇಲ್ಲದೆ ಕರೆದರು. ಫ್ಲಾರೆನ್ಸ್ ಅಡುಗೆಮನೆ ಮಾಡಿಸಿದರು, ಒಂದು ಮನೆ ಬಾಡಿಗೆಗೆ ಹಿಡಿದು ಸೈನಿಕರ ಹೆಂಡತಿಯರಿಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟರು, ಅಂಗಿ, ಬ್ರಶ್, ಸೋಪು, ತಟ್ಟೆ ತರಿಸಿದರು. ರಾತ್ರಿ ದೀಪ ಹಿಡಿದು ಮೈಲಿಗಟ್ಟಲೆ ಉದ್ದದ ಹಾಸಿಗೆ ಸಾಲುಗಳನ್ನು ಸುತ್ತಿದರು. ದೀಪದ ಕಥೆ ಇಲ್ಲಿಂದ ಬಂದದ್ದು, ಅದು ಸುಳ್ಳಲ್ಲ.

ಆದರೆ ಪಾಠದಲ್ಲಿ ಬಿಟ್ಟುಹೋದ ಒಂದು ಸಂಗತಿ ಇದೆ. ಅವರು ಬಂದ ಮೇಲೂ ಸಾವು ಕಡಿಮೆ ಆಗಲಿಲ್ಲ, ಹೆಚ್ಚಾಯ್ತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಸುಮಾರು 42 ಜನ ಸಾಯುತ್ತಿದ್ದರು. ನರ್ಸ್‌ಗಳು ಹಗಲು ರಾತ್ರಿ ದುಡೀತಿದ್ರು. ಆದರೆ ಕಟ್ಟಡದ ಕೆಳಗೆ ಚರಂಡಿ ಕಟ್ಟಿಕೊಂಡಿತ್ತು. ಗಾಳಿ ಆಡ್ತಿರಲಿಲ್ಲ, ನೀರು ಕೊಳೆತಿತ್ತು.

ಮಾರ್ಚ್‌ನಲ್ಲಿ ಲಂಡನ್ನಿಂದ ಸ್ಯಾನಿಟರಿ ಕಮಿಷನ್ ಬಂತು. ಅದರಲ್ಲಿ ಡಾಕ್ಟರ್ ಜಾನ್ ಸದರ್‌ಲ್ಯಾಂಡ್ ಮತ್ತು ರಾಬರ್ಟ್ ರಾಲಿನ್‌ಸನ್ ಇದ್ದರು. ರಾಲಿನ್‌ಸನ್ ಸಿವಿಲ್ ಎಂಜಿನಿಯರ್. ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು. ಅವರು ಚರಂಡಿ ತೊಳೆಸಿದರು, ಕಸ ಹೊರಗೆ ಹಾಕಿಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಬ್ರುನೆಲ್ ಎಂಬ ಇನ್ನೊಬ್ಬ ದೊಡ್ಡ ಎಂಜಿನಿಯರ್ ಬಿಡಿಭಾಗಗಳನ್ನು ಇಂಗ್ಲೆಂಡಿನಲ್ಲೇ ಮಾಡಿಸಿ, ಹಡಗಿನಲ್ಲಿ ಕಳಿಸಿ, ಟರ್ಕಿಯ ರೆಂಕಿಯೊಯ್‌ನಲ್ಲಿ ಜೋಡಿಸುವಂಥ ಆಸ್ಪತ್ರೆ ಮಾಡಿಕೊಟ್ಟರು.

ನಮಗೆ ಈ ಭಾಗ ಓದಿ ಸುಮ್ಮನೆ ಕೂರುವಂತಾಯ್ತು. 38 ಜನ ಎಷ್ಟೇ ಒಳ್ಳೆಯವರಾಗಿದ್ದರೂ ಚರಂಡಿಯ ಮೇಲೆ ಕೂತು ಯಾರನ್ನೂ ಉಳಿಸೋಕಾಗಲಿಲ್ಲ. ಆರೈಕೆ ಮಾಡುವವರ ಹಿಂದೆ ಒಂದು ವ್ಯವಸ್ಥೆ ನಿಲ್ಲದಿದ್ದರೆ ಅವರ ಬೆವರೆಲ್ಲ ವ್ಯರ್ಥ.

ಲೆಕ್ಕ ಹಾಕಿದ ದುಃಖ

1856ರಲ್ಲಿ ಫ್ಲಾರೆನ್ಸ್ ಇಂಗ್ಲೆಂಡಿಗೆ ವಾಪಸ್ಸಾದಾಗ ಸ್ವಾಗತಕ್ಕೆ ಜನ ಕಾಯ್ತಿದ್ದರು. ಅವರು ಬೇರೆ ಹೆಸರು ಹೇಳಿಕೊಂಡು, ಗುಟ್ಟಾಗಿ ಮನೆ ಸೇರಿಕೊಂಡರು. ಆಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕೂತು ಯುದ್ಧದ ಸಾವುಗಳನ್ನೆಲ್ಲ ಲೆಕ್ಕ ಹಾಕಿದರು. ಗುಂಡಿನ ಗಾಯಕ್ಕಿಂತ, ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ತವರೇ ಹಲವು ಪಟ್ಟು ಹೆಚ್ಚು ಅಂತ ಗೊತ್ತಾಯ್ತು. ಆ ಸಾವುಗಳಲ್ಲಿ ತಮ್ಮ ಕೈಕೆಳಗಿನ ವಾರ್ಡುಗಳೂ ಸೇರಿದ್ದವು. ಅದನ್ನು ಅವರು ಮುಚ್ಚಿಡಲಿಲ್ಲ.

1858ರಲ್ಲಿ ಅವರು ಪ್ರಕಟಿಸಿದ ಚಿತ್ರ ಪ್ರಪಂಚಕ್ಕೇ ಗೊತ್ತು. ವೃತ್ತವನ್ನು ಹನ್ನೆರಡು ಹೋಳು ಮಾಡಿ, ತಿಂಗಳಿಗೊಂದು ಹೋಳು, ಸಾವು ಹೆಚ್ಚಾದಷ್ಟೂ ಹೋಳಿನ ವಿಸ್ತೀರ್ಣ ದೊಡ್ಡದು. ತಡೆಯಬಹುದಾದ ಕಾಯಿಲೆಗೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ಟೇಬಲ್ ಓದಲು ಬೇಜಾರು ಪಡುವ ಮಂತ್ರಿಗಳಿಗೂ ನೀಲಿ ಎಷ್ಟು ದೊಡ್ಡದಿದೆ ಅಂತ ಕಣ್ಣಿಗೆ ಹೊಡೆಯುತ್ತಿತ್ತು. ನಾವು ಲ್ಯಾಬ್‌ನಲ್ಲಿ ಪೈಥಾನ್‌ನಲ್ಲಿ ಪ್ಲಾಟ್ ಮಾಡೋ ಪೋಲಾರ್ ಚಾರ್ಟ್‌ನ ಅಜ್ಜಿ ಅದು. ಅದೇ ವರ್ಷ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಮೊದಲ ಮಹಿಳಾ ಸದಸ್ಯೆ ಆದರು.

ಭಾರತಕ್ಕೆ ಅವರು ಯಾವತ್ತೂ ಬರಲಿಲ್ಲ. ಆದರೆ ಇಲ್ಲಿನ ದಂಡು ಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ನೀರು, ಚರಂಡಿ, ಸಾವಿನ ವಿವರ ತರಿಸಿಕೊಂಡರು. 1863ರ ರಾಯಲ್ ಕಮಿಷನ್ ವರದಿಯ ಹಿಂದೆ ಅವರ ಕೆಲಸ ಇದೆ. ಮುಂದೆ ಹಳ್ಳಿಗಳ ನೈರ್ಮಲ್ಯ, ಬರಗಾಲ, ನೀರಾವರಿ ಬಗ್ಗೆಯೂ ವರ್ಷಗಟ್ಟಲೆ ಬರೆದರು.

ಕೆಲಸಕ್ಕೆ ಶಾಲೆ, ಶಾಲೆಗೆ ಸಂಬಳ

ಯುದ್ಧದ ಸಮಯದಲ್ಲೇ ಜನ ಅವರ ಹೆಸರಲ್ಲಿ ಒಂದು ನಿಧಿ ಕೂಡಿಸಿದ್ದರು. ಸೈನಿಕರು ತಮ್ಮ ಒಂದು ದಿನದ ಸಂಬಳ ಕೊಟ್ಟಿದ್ದರು. ಸುಮಾರು 44,000 ಪೌಂಡ್ ಸೇರಿತು. ಆ ದುಡ್ಡಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯ್ತು. ಮೊದಲ ಬ್ಯಾಚ್‌ನಲ್ಲಿ ಹದಿನೈದು ಜನ. ಊಟ, ವಸತಿ, ಯೂನಿಫಾರ್ಮ್ ಜೊತೆಗೆ ಕಲಿಯುವಾಗಲೇ ವರ್ಷಕ್ಕೆ 10 ಪೌಂಡ್ ಕೊಡುತ್ತಿದ್ದರು. ಆರೈಕೆ ಅನ್ನೋದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬರುವ ಗುಣ, ಅದಕ್ಕೇನು ಕಲಿಯಬೇಕು, ಅದಕ್ಕೇನು ದುಡ್ಡು ಅನ್ನೋ ಮಾತಿಗೆ ಅದು ಉತ್ತರ.

1859ರ ಕೊನೆಗೆ ಅವರು ಬರೆದ ನೋಟ್ಸ್ ಆನ್ ನರ್ಸಿಂಗ್ ಎಂಬ ಚಿಕ್ಕ ಪುಸ್ತಕ ಮನೆಯಲ್ಲಿ ರೋಗಿಯನ್ನು ನೋಡ್ಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ. ಅದರಲ್ಲಿ ನಮಗೆ ತಟ್ಟಿದ್ದು ಒಂದು ವಿಷಯ. ನೀವು ಇದ್ದಾಗ ಏನು ಮಾಡ್ತೀರೋ ಅದು ನೀವು ಇಲ್ಲದಾಗಲೂ ನಡೆಯುವ ಹಾಗೆ ಏರ್ಪಾಡು ಮಾಡಬೇಕು ಅಂತಾರೆ. ಎಲ್ಲವನ್ನೂ ಒಬ್ಬರೇ ಹೊರೋದು ದೊಡ್ಡತನ ಅಲ್ಲ ಅಂತ. ನಮ್ಮ ಮನೆಯಲ್ಲಿ ಅಕ್ಕ ಹೋದ ದಿನ ಮೂತ್ರದ ಚೀಲ ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು ಅಂತ ಬರೆದಿಟ್ಟ ಒಂದು ಚೀಟಿಯೂ ಇರಲಿಲ್ಲ.

ಮೇರಿ ಮತ್ತು ಆಗ್ನೆಸ್

ಈಗ ಫ್ಲಾರೆನ್ಸ್ ಜೀವನಕ್ಕೆ ಅಂಟಿಕೊಂಡ ಇನ್ನಿಬ್ಬರ ಕಥೆ. ಲಿವರ್‌ಪೂಲ್‌ನಲ್ಲಿ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ ಇದ್ದರು. 1859ರಲ್ಲಿ ಅವರ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮೇರಿ ರಾಬಿನ್‌ಸನ್ ಎಂಬ ನರ್ಸ್ ಮನೆಯಲ್ಲೇ ಇದ್ದು ನೋಡಿಕೊಂಡಿದ್ದರು. ನಮ್ಮಂಥ ಉಳ್ಳವರ ಮನೆಯಲ್ಲೇ ಇಷ್ಟು ಕಷ್ಟ ಆದರೆ ಬಡವರ ಗತಿ ಏನು ಅಂತ ಯೋಚಿಸಿದ ರಾತ್‌ಬೋನ್, ಬಡವರ ಮನೆಮನೆಗೆ ಹೋಗಿ ಆರೈಕೆ ಮಾಡೋಕೆ ಮೇರಿ ಅವರನ್ನು ಮೂರು ತಿಂಗಳಿಗೆ ನೇಮಿಸಿದರು. ಒಂದು ತಿಂಗಳಾದ ಮೇಲೆ ಮೇರಿ ಅಳುತ್ತಾ ಬಂದು, ಇಷ್ಟು ದುಃಖ ನೋಡೋಕೆ ನನ್ನ ಕೈಲಾಗಲ್ಲ, ಬಿಟ್ಟುಬಿಡಿ ಅಂತ ಕೇಳಿಕೊಂಡರು. ರಾತ್‌ಬೋನ್ ಧೈರ್ಯ ಹೇಳಿದರು. ಮೇರಿ ಮೂರು ತಿಂಗಳು ಮುಗಿಸಿದರು, ಆಮೇಲೆ ತಾವಾಗಿಯೇ ಮುಂದುವರಿದರು.

ಇಂಥ ಇನ್ನಷ್ಟು ಜನ ಬೇಕು ಅಂತ ರಾತ್‌ಬೋನ್ ಫ್ಲಾರೆನ್ಸ್‌ಗೆ ಬರೆದರು. ಕಳಿಸೋಕೆ ಜನ ಇಲ್ಲ, ನಿಮ್ಮ ಊರಲ್ಲೇ ಶಾಲೆ ಮಾಡಿ ತಯಾರು ಮಾಡಿ ಅಂತ ಅವರು ದಾರಿ ತೋರಿಸಿದರು. ಹಾಗೆ ಲಿವರ್‌ಪೂಲ್ ನಗರವನ್ನು ವಿಭಾಗಗಳಾಗಿ ಹಂಚಿ, ವಿಭಾಗಕ್ಕೊಬ್ಬ ನರ್ಸ್ ಇರುವ ವ್ಯವಸ್ಥೆ ಬಂತು. ಆಸ್ಪತ್ರೆಯ ಹೊರಗೆ, ಮನೆಯಲ್ಲೇ ತರಬೇತಾದ ಆರೈಕೆ ಸಿಗಬೇಕು ಅನ್ನೋದು ಅಲ್ಲಿ ಬೇರೂರಿತು.

ಆಗ್ನೆಸ್ ಜೋನ್ಸ್ ಫ್ಲಾರೆನ್ಸ್ ಶಾಲೆಯಲ್ಲಿ ಕಲಿತವರು. 1865ರಲ್ಲಿ ಹನ್ನೆರಡು ನರ್ಸ್‌ಗಳ ಜೊತೆ ಲಿವರ್‌ಪೂಲ್‌ನ ನಿರ್ಗತಿಕರ ಆಸ್ಪತ್ರೆಗೆ ಹೋದರು. ಸಾವಿರಕ್ಕೂ ಹೆಚ್ಚು ರೋಗಿಗಳು. 1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರ ತಗುಲಿ ತೀರಿಕೊಂಡರು. ಇನ್ನೂ ಮೂವತ್ತೈದು ವರ್ಷ. ಫ್ಲಾರೆನ್ಸ್‌ಗೆ ಇದು ಬಹಳ ದೊಡ್ಡ ಪೆಟ್ಟು. ಮುಂದೆ ತಮ್ಮ ಶಾಲೆಯಿಂದ ಹೋದವರಿಗೆ ಅವರು ಕಾಗದ ಬರೀತಿದ್ರು, ಮನೆಗೆ ಕರೆದು ಕಷ್ಟಸುಖ ಕೇಳ್ತಿದ್ರು.

ಹಾಸಿಗೆ ಹಿಡಿದ ಫ್ಲಾರೆನ್ಸ್

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. 1855ರಲ್ಲಿ ಕ್ರಿಮಿಯಾದಲ್ಲಿ ಅವರಿಗೆ ಕೆಟ್ಟ ಜ್ವರ ಬಂತು. ಅದರ ಪರಿಣಾಮ ಹೋಗಲೇ ಇಲ್ಲ. 1857ರಲ್ಲಿ ಪೂರ್ತಿ ಕುಸಿದುಬಿದ್ದರು. ಆಮೇಲಿನ ದಶಕಗಳಲ್ಲಿ ಹೆಚ್ಚು ಕಾಲ ಕೋಣೆಯಲ್ಲೇ, ಹಾಸಿಗೆ ಇಲ್ಲವೇ ಸೋಫಾದ ಮೇಲೆಯೇ ಕಳೆದರು. ಮೇಲೆ ಹೇಳಿದ ಗ್ರಾಫ್, ಪುಸ್ತಕ, ಶಾಲೆ, ಭಾರತದ ವರದಿ ಎಲ್ಲ ಆ ಕೋಣೆಯಿಂದಲೇ ಆದದ್ದು. ಅಂದರೆ ಪ್ರಪಂಚಕ್ಕೆ ಆರೈಕೆ ಕಲಿಸಿದವರು ಸ್ವತಃ ಇನ್ನೊಬ್ಬರ ಆರೈಕೆಯಲ್ಲಿ ಬದುಕಿದವರು.

ಹಾಗಾದರೆ ಅವರನ್ನು ನೋಡಿಕೊಂಡವರು ಯಾರು? ಮೊದಲ ಮೂರು ವರ್ಷ ಅವರ ಅತ್ತೆ ಮೈ ಸ್ಮಿತ್. ಆಕೆ ಸ್ಕುಟಾರಿಗೂ ಹೋಗಿ ಜೊತೆಗಿದ್ದವರು. ಗಂಡ, ಮಕ್ಕಳನ್ನು ಬಿಟ್ಟು ಬಂದು ಫ್ಲಾರೆನ್ಸ್ ಜೊತೆ ಇದ್ದರು. 1860ರಲ್ಲಿ ನನ್ನ ಮನೆಗೂ ನಾನು ಬೇಕು ಅಂತ ವಾಪಸ್ ಹೊರಟರು. ಫ್ಲಾರೆನ್ಸ್‌ಗೆ ವಿಪರೀತ ಕೋಪ ಬಂತು, ಕೈಬಿಟ್ಟು ಹೋದರು ಅಂದುಕೊಂಡರು. ಸುಮಾರು ಇಪ್ಪತ್ತು ವರ್ಷ ಆ ಮುನಿಸು ಹೋಗಲಿಲ್ಲ. ನರ್ಸ್‌ಗೆ ಕಾಲು ನೋಯಬಾರದು ಅಂತ ಲಿಫ್ಟ್ ಕೇಳಿದವರೇ, ತಮ್ಮ ಮನೆಯ ಆರೈಕೆದಾರರು ರಜೆ ಕೇಳಿದಾಗ ಕ್ಷಮಿಸಲಿಲ್ಲ.

ಇದನ್ನು ಬರೆಯೋದಾ ಬೇಡ್ವಾ ಅಂತ ನಾವು ಯೋಚಿಸಿದೆವು. ದೊಡ್ಡವರ ಜೀವನದಲ್ಲಿ ಇಂಥದ್ದು ಬರೆಯಬಾರದು ಅಂತಾರೆ. ಆದರೆ ನಮಗೆ ಅವರು ಹತ್ತಿರ ಅನ್ನಿಸಿದ್ದೇ ಇಲ್ಲಿ. ಡಿಸೆಂಬರ್‌ನಲ್ಲಿ ನಾವು ಗೊಣಗಿದ್ದೂ ಇದೇ ತಾನೇ? ವಾರ್ಡಿನಲ್ಲಿ, ಕಾನೂನಿನಲ್ಲಿ, ಭಾಷಣದಲ್ಲಿ ಆರೈಕೆದಾರರಿಗೆ ಬೆಲೆ ಕೊಡೋದು ಸುಲಭ. ನಮ್ಮದೇ ಮಂಚದ ಪಕ್ಕ ನಿಂತವರು ನನಗೂ ಒಂದು ಮನೆ ಇದೆ ಅಂದಾಗ ಕಷ್ಟ.

ವಯಸ್ಸಾದ ಮೇಲೆ ಫ್ಲಾರೆನ್ಸ್ ಮೃದುವಾದರು, ಅತ್ತೆಯ ಜೊತೆ ರಾಜಿಯಾದರು. ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆ ಆದಾಗ ಅದನ್ನು ಗುರುತಿಸುವ ಸ್ಥಿತಿಯಲ್ಲಿ ಅವರು ಇರಲಿಲ್ಲ. 1910ರ ಆಗಸ್ಟ್ 13ರಂದು, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ರಾಜಮರ್ಯಾದೆಯ ಸಮಾಧಿ ಬೇಡ ಅಂತ ಮನೆಯವರು ಹಳ್ಳಿಯ ಚರ್ಚಿನಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ, ಎರಡು ಅಕ್ಷರ ಮತ್ತು ಹುಟ್ಟಿದ, ಸತ್ತ ವರ್ಷ.

ನಮ್ಮ ತೋಟಕ್ಕೆ ವಾಪಸ್

ಭಾರತ ಸರ್ಕಾರ 1973ರಿಂದ ಅವರ ಹೆಸರಲ್ಲಿ ನರ್ಸ್‌ಗಳಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡುತ್ತಿದೆ. ಒಳ್ಳೆಯದೇ. ಆದರೆ ನಮ್ಮ ಅಕ್ಕನಂಥವರು ನರ್ಸ್ ಲೆಕ್ಕಕ್ಕೂ ಬರಲ್ಲ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಬಿದ್ದವರಿಗಾಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಅದರಲ್ಲಿದೆ. ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಈ ಲೇಖನಕ್ಕೆ ಓದುವಾಗಲೇ ನಮಗೂ ಗೊತ್ತಾಗಿದ್ದು.

ಉಂಡೆ ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಕೂರಬೇಕು. ಹೊರಗಿಂದ ನೋಡಿದರೆ ಏನೂ ನಡೀತಿಲ್ಲ ಅನ್ನಿಸುತ್ತೆ. ಆದರೂ ನಮ್ಮ ಕಡೆಯವರು ಅದಕ್ಕೆ ಬೆಲೆ ಕಟ್ಟೋದು ಕಲಿತಿದ್ದಾರೆ, ಕ್ವಿಂಟಾಲಿಗೆ ನೂರು ರೂಪಾಯಿ ಇಳಿದರೆ ತಿಪಟೂರು ಮಾರ್ಕೆಟ್ಟಿನಲ್ಲಿ ಗಲಾಟೆ ಮಾಡ್ತಾರೆ. ಎಂಟು ವರ್ಷದಿಂದ ದೊಡ್ಡಪ್ಪನ ಬೆನ್ನಲ್ಲಿ ಒಂದು ಹುಣ್ಣೂ ಆಗದ ಹಾಗೆ ನೋಡಿಕೊಂಡ ಕೆಲಸಕ್ಕೆ ಮಾತ್ರ ಯಾವ ರೇಟೂ ಇಲ್ಲ.

ನಾವು ಏನು ಮಾಡಿದ್ವಿ? ದೊಡ್ಡದೇನಲ್ಲ. ಅಕ್ಕ ವಾಪಸ್ ಬಂದ ಮೇಲೆ ಅವರ ಹತ್ರ ಕೂತು ಕೇಳಿ, ದಿನದ ಎಲ್ಲ ಕೆಲಸಗಳನ್ನೂ ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆವು. ನಲವತ್ತೊಂದು ಕೆಲಸ ಬಂತು. ಅದನ್ನು ಓದಿದ ಮೇಲೆ ಮನೆಯವರು ಸಂಬಳ ಸ್ವಲ್ಪ ಹೆಚ್ಚು ಮಾಡಿದರು. ಭಾನುವಾರ ಅವರಿಗೆ ರಜೆ, ಆ ದಿನ ನಾವು ಮೊಮ್ಮಕ್ಕಳು, ಮಕ್ಕಳು ಪಾಳಿ ಹಾಕ್ಕೊಂಡಿದ್ದೀವಿ. ಒಂದು ವೈರ್‌ಲೆಸ್ ಬೆಲ್ ತಂದು ಬಟನ್ ಮಂಚಕ್ಕೆ ಕಟ್ಟಿದೆವು. ಈಗ ಅಕ್ಕ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ಜಗಲಿ ಮೇಲೆ ಕೂರಬಹುದು, ದೊಡ್ಡಪ್ಪ ಕರೆದರೆ ಕೇಳಿಸುತ್ತೆ. ಹಾರ್ಲಿ ಸ್ಟ್ರೀಟಿನ ಗಂಟೆ ನಮ್ಮ ಊರಿಗೆ ಬರೋಕೆ ನೂರ ಎಪ್ಪತ್ತು ವರ್ಷ ಹಿಡಿಯಿತು.

ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಇಂಥ ಒಬ್ಬರು ಇರಬಹುದು. ಅಜ್ಜಿಯನ್ನು ನೋಡಿಕೊಳ್ಳೋ ಅಮ್ಮ, ಮಾತು ಬಾರದ ತಮ್ಮನನ್ನು ನೋಡಿಕೊಳ್ಳೋ ಅತ್ತೆ, ದುಡ್ಡಿಗೆ ಬರೋ ಅಕ್ಕ. ಮೇ 12ಕ್ಕೆ ದೀಪದ ಚಿತ್ರ ಫಾರ್ವರ್ಡ್ ಮಾಡಿ, ಬೇಡ ಅನ್ನಲ್ಲ. ಅದರ ಜೊತೆ ಅವರನ್ನು ನಿಮಗೆ ರಜೆ ಯಾವಾಗ ಅಂತ ಒಂದು ಸಲ ಕೇಳಿ ನೋಡಿ. ನಮ್ಮ ಅಕ್ಕ ಆ ಪ್ರಶ್ನೆಗೆ ಮೊದಲು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.